ಕ್ಯಾಸೆಟ್ಟಿನಲ್ಲಿ ಉಳಿದ ಮೌನ

ಅಥಣಿ, ೧೪ ಮಾರ್ಚ್ ೧೯೯೧, ಗುರುವಾರ

ನಮ್ಮ ಗೀಗೀ ಪದದ ಕ್ಯಾಸೆಟ್ ಅಂಗಡಿಗೆ ಬಂದಾಗಿನಿಂದ ನನಗೆ ಅನ್ನ ಸೇರಿರಲಿಲ್ಲ. ತಪ್ಪು ನನ್ನದೇ. ಹೆಣ್ಣೇ ಹೆಚ್ಚೆಂದು ನಾವು ಹಾಡುತ್ತೇವೆ, ಗಂಡೇ ಹೆಚ್ಚೆಂದು ಎದುರು ಮೇಳದವರು ತಿರುಗಿ ಹಾಡುತ್ತಾರೆ. ಮಿರಜಿನ ಸ್ಟುಡಿಯೋದಲ್ಲಿ ಎದುರು ಮೇಳ ಎಲ್ಲಿಯದು? ಆದರೂ ಪದದ ಕೊನೆಗೆ ಸವಾಲು ಹಾಕಿ, ರೂಢಿಯಂತೆ ಉತ್ತರಕ್ಕೆಂದು ಸುಮ್ಮನೆ ನಿಂತುಬಿಟ್ಟೆ. ಸ್ಟುಡಿಯೋದವನಿಗೆ ಕನ್ನಡ ಬಾರದು. ಅದೂ ಹಾಡೇ ಇರಬೇಕೆಂದು ಆ ಮೌನವನ್ನು ಹಾಗೇ ಬಿಟ್ಟ. ದಪ್ಪು ಬಾರಿಸುವ ಕೆಂಚವ್ವ ಕೇಳಿದವಳೇ, "ಮಂದಿ ಟೇಪು ಕೆಟ್ಟೈತಿ ಅಂತಾರ ನೋಡ" ಎಂದಿದ್ದಳು.

ಇವತ್ತು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅದನ್ನೇ ಹಾಕಿದ್ದರು. ಮೌನ ಬಂತು. ನಾನು ಸೆರಗು ಮುಖಕ್ಕೆಳೆದುಕೊಂಡೆ. ಅಷ್ಟರಲ್ಲಿ ಮೂಲೆಯ ಬಾಕಿನಿಂದ ದನಿ ಎದ್ದಿತು. ಎದುರು ಮೇಳದ ಮುರಗೆಪ್ಪ! ಚಹಾದ ಬಸಿ ಕೆಳಗಿಟ್ಟು ನನ್ನ ಸವಾಲಿಗೆ ಉತ್ತರ ಹಾಡತೊಡಗಿದ. ಅವನ ನುಡಿ ಮುಗಿಯುವ ಮುಂಚೆಯೇ ಕ್ಯಾಸೆಟ್ಟಿನಿಂದ ನಾನು ಮುಂದಿನ ಪದ ಎತ್ತಿಬಿಟ್ಟೆ. ಅಂಗಡಿ ತುಂಬ ನಗುವೋ ನಗು. "ರಿವೈಂಡ್ ಮಾಡ್ರಿ, ಇನ್ನೊಮ್ಮೆ!" ಎಂದು ಕೂಗಿದರು.

ಮುರಗೆಪ್ಪ ನನ್ನನ್ನು ಗುರುತಿಸಿದ. "ಸಕ್ಕುಬಾಯಿ, ಇಷ್ಟ ಸಣ್ಣ ಜಾಗಾ ಬಿಟ್ರ ಹೆಂಗವ್ವಾ? ಮುಂದಿನ ಕ್ಯಾಸೆಟ್ನ್ಯಾಗ ಇನ್ನೊಂದು ನುಡಿ ಹಿಡಿಯುವಷ್ಟು ಬಿಡು."

ಎದೆ ಹಗುರಾಯಿತು. ಮನೆಗೆ ಬಂದು ಎರಡು ರೊಟ್ಟಿ ತಿಂದೆ.

ಜಾಗ ಬಿಡುತ್ತೇನೆ, ಬಿಡದೇನು. ಅವನು ಹಾಡಿದ ಉತ್ತರ ಮಾತ್ರ ಪೂರ್ತಿ ತಪ್ಪು. ಅಂಗಡಿಯಲ್ಲಿ ಹೇಳಲಿಲ್ಲ, ಎಷ್ಟು ಚೆಂದ ಹಾಡಿದ್ದ, ಪುಣ್ಯಾತ್ಮ.