ಮುಟ್ಟುವ ಸೋಮವಾರ

ಜೂನ್ 3, ಸೋಮವಾರ

ಅರಮನೆ ಮ್ಯೂಸಿಯಮ್ಮಿಗೆ ರಜೆ, ನಮಗಲ್ಲ. ರಾಣಿಯ ಕೋಣೆಯ ಧೂಳು ತೆಗೆದದ್ದಾಯಿತು. ಮೆತ್ತನೆ ಬ್ರಷ್ಷು ಒಂದು ಕೈಯಲ್ಲಿ, ವ್ಯಾಕ್ಯೂಮ್ ಪೈಪು ಇನ್ನೊಂದರಲ್ಲಿ. ಗ್ಲೌಸ್ ಹಾಕಿದ್ದರೂ ರಾಣಿಯ ಕುರ್ಚಿಗೆ ಕೈ ತಾಗಿಸುವಂತಿಲ್ಲ. ಅದರ ಅಡಿಭಾಗವನ್ನಂತೂ ನಾವೆಲ್ಲ ‘ಗ್ಲೌಸ್ ಮೇಡಂ’ ಎನ್ನುವವರು ಒಬ್ಬರೇ ಒರೆಸುವುದು — ಹಳೇ ಸಾಮಾನಿನ ಕ್ಷೇಮವೆಲ್ಲ ಅವರದು. ನನ್ನದು ಕಾವಲು.

ಮೇಡಂ ಹೊಸ ಸುದ್ದಿ ಹೇಳಿದರು. ಮುಂದಿನ ಸೋಮವಾರ ಕಣ್ಣು ಕಾಣದವರಿಗಾಗಿ ಬಾಗಿಲು ತೆರೆಯುತ್ತಾರಂತೆ. ಕೆಲವನ್ನು ಬರಿಗೈಯಲ್ಲಿ ಮುಟ್ಟಬಹುದು. ಕುರ್ಚಿಯನ್ನೂ! "ನಿಮ್ಮನೆಯವರನ್ನ ಕರ್ಕೊಂಡು ಬನ್ನಿ" ಎಂದರು.

ಕರ್ಕೊಂಡು ಬರುವುದಂತೆ! ಸಕ್ಕರೆ ಕಾಯಿಲೆ ಕಣ್ಣು ಕಿತ್ತುಕೊಂಡ ಮೇಲೆ ಇವರು ಹೊಸ್ತಿಲು ದಾಟಿಲ್ಲ. ಬಸ್ ಓಡಿಸುತ್ತಿದ್ದ ಮನುಷ್ಯ. ಇನ್ನೊಬ್ಬರ ತೋಳು ಹಿಡಿದು ನಡೆಯುವುದೆಂದರೆ ಮೈ ಉರಿಯುತ್ತದೆ. ಡಾಕ್ಟರ್ ಗದರಿಸಿಯಾಯಿತು, ಮಗಳು ಅತ್ತಾಯಿತು. ಹೀಗೇ ಮೂಲೆ ಹಿಡಿದು ಕೂತರೆ ಮನುಷ್ಯ ಉಳಿಯುವುದಿಲ್ಲ. ನನಗೆ ಭಯ.

ಜೂನ್ 4

ಕೇಳಿದೆ.

"ನಾನು ಬರಲ್ಲ. ನಾನೇನು ಪ್ರದರ್ಶನಕ್ಕಿಟ್ಟ ಗೊಂಬೆನಾ, ಎಲ್ರೂ ನೋಡೋಕೆ?"

"ಎಲ್ಲಿ ನೋಡ್ತಾರೆ ರೀ? ಬರೋರಿಗೆ ಯಾರಿಗೂ ಕಣ್ಣೇ ಕಾಣಲ್ಲ!"

ಬಾಯಿ ತಪ್ಪಿ ಬಂದುಬಿಟ್ಟಿತು. ನಾಲಿಗೆ ಕಚ್ಚಿಕೊಂಡೆ. ಇವರು ಗೋಡೆಯ ಕಡೆ ತಿರುಗಿ ಮಲಗಿದರು. ಭುಜ ಅಲುಗುತ್ತಿತ್ತು. ನಕ್ಕರೋ ಅತ್ತರೋ...

ಜೂನ್ 6

ಮತ್ತೆ ಕೇಳಿದೆ. ಮತ್ತೆ ಬೇಡ. ಸಿಟ್ಟು ನೆತ್ತಿಗೇರಿತು. "ಹಾಗಾದ್ರೆ ಇವತ್ತಿಂದ ಅರಮನೆ ಸುದ್ದಿ ಬಂದ್!" ಎಂದೆ. ಸಂಜೆ ಬಂದು ನಾನು ಹೇಳುವ ಕಥೆಯೊಂದೇ ಇವರಿಗೆ ಹೊರಗಿನ ಗಾಳಿ. ಪಾಪ. ಆದರೆ ನಾನೂ ಜಗ್ಗುವವಳಲ್ಲ.

ಜೂನ್ 9

ಬಾಯಿಗೆ ಬೀಗ ಹಾಕಿಕೊಂಡೇ ಇದ್ದೆ. ಇವರೇ ಎರಡು ಸಲ ಕೆಮ್ಮಿದರು.

"ಆ ಕುರ್ಚಿ... ಎಷ್ಟು ದೊಡ್ಡದು ಅಂದಿದ್ದೆ?"

"ಬಂದು ಮುಟ್ಟಿ ನೋಡಿ."

"ಹಠಮಾರಿ."

"ಯಾರ ಜೊತೆ ಸಂಸಾರ ಮಾಡಿ ಕಲಿತೆ?"

ಆಮೇಲೆ — "ನಾಳೆಗೆ ಯಾವ ಶರ್ಟು?"

ದೇವರೇ. ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಜೂನ್ 10, ಸೋಮವಾರ, ಸಂಜೆ

ಇವತ್ತಿನದನ್ನು ಬರೆಯಲೇಬೇಕು.

ಮೇಡಂ ನಿಯಮ: ಕೈ ತೊಳೆಯಬೇಕು, ವಾಚು, ಉಂಗುರ ತೆಗೆಯಬೇಕು. ಇವರ ಉಂಗುರ ಜಪ್ಪಯ್ಯ ಅಂದರೂ ಬರಲಿಲ್ಲ. ಸೋಪು ಹಚ್ಚಿ ಎಳೆದೆ. "ಮದುವೆ ಆದ್ಮೇಲೆ ಅಷ್ಟು ಸುಲಭಕ್ಕೆ ಬಿಡುಗಡೆ ಇಲ್ಲ ಮೇಡಂ" ಎಂದರು. ಇವರ ಬಾಯಲ್ಲಿ ತಮಾಷೆ! ಮೇಡಂ ಉಂಗುರದ ಸುತ್ತ ಬಟ್ಟೆಯ ಟೇಪು ಸುತ್ತಿ ಒಳಗೆ ಬಿಟ್ಟರು.

ಇವರು ಕುರ್ಚಿಯ ಮುಂದೆ ಮಂಡಿಯೂರಿದರು. ಒರಗು, ಕಾಲು, ಸಿಂಹ ಕೆತ್ತಿದ ತೋಳು... "ಇಷ್ಟೇನಾ? ನೀನು ಹೇಳಿದ್ದು ಕೇಳಿ ಆನೆ ಕೂರಬಹುದು ಅಂದ್ಕೊಂಡಿದ್ದೆ!" ಎಲ್ಲರೂ ನಕ್ಕರು. ನನಗೆ ನಾಚಿಕೆ. ಜೊತೆಗೆ ಹೊಟ್ಟೆಕಿಚ್ಚು — ಹೌದು, ಹೊಟ್ಟೆಕಿಚ್ಚೇ. ಇಷ್ಟು ವರ್ಷ ಕಾದವಳು ನಾನು, ಬಂದ ದಿನವೇ ಮುಟ್ಟಿದವರು ಇವರು.

ತೋಳಿನ ಅಡಿಯಲ್ಲಿ ಕೈ ನಿಂತಿತು.

"ಇಲ್ಲೊಂದು ಮರಿ ಇದೆ ಕಣೇ. ಮೇಲೆ ತಾಯಿ ಸಿಂಹ, ಕೆಳಗೆ ಮರಿ. ಹಾಲು ಕುಡೀತಿದೆ. ನೀನು ಹೇಳಲೇ ಇಲ್ವಲ್ಲ?"

ನನಗೇ ಗೊತ್ತಿರಲಿಲ್ಲ. ನಿಂತು ಕಾಯುವವಳಿಗೆ ಕುರ್ಚಿಯ ಅಡಿ ಹೇಗೆ ಕಾಣಬೇಕು? ಮೇಡಂ ನಗುತ್ತಿದ್ದರು, ಅವರಿಗೆ ಮೊದಲೇ ಗೊತ್ತು.

"ಕೈ ಕೊಡು, ತೋರಿಸ್ತೀನಿ."

ನನಗೆಲ್ಲಿಯ ಅಪ್ಪಣೆ? ಮೇಡಂ ಮುಖ ನೋಡಿದೆ. "ಹೋಗಿ, ಕೈ ತೊಳ್ಕೊಂಡು ಬನ್ನಿ" ಎಂದರು.

ಓಡಿದೆ. ಇವರು ನನ್ನ ಬೆರಳು ಹಿಡಿದು ಒಂದೊಂದೇ ಕಡೆ ಇಟ್ಟರು. ಪುಟ್ಟ ಕಿವಿ. ಮೂಗು. ಮಡಚಿದ ಕಾಲು. ಎಲ್ಲರ ಎದುರೇ ಅತ್ತುಬಿಟ್ಟೆ.

ಬಸ್ಸಿನಲ್ಲಿ ಮನೆ ಬರುವವರೆಗೂ ಇವರದೇ ಮಾತು. ಪಕ್ಕದ ಸೀಟಿನವರಿಗೂ ಬಿಡುಗಡೆ ಸಿಗಲಿಲ್ಲ.

ಜೂನ್ 19, ಮಧ್ಯಾಹ್ನ, ಸ್ಟಾಫ್ ರೂಮು

ಇಷ್ಟು ದಿನ ಬರೆಯಲು ಪುರಸೊತ್ತಿಲ್ಲ. ಇವರ ಮಾತು ಕೇಳಬೇಕಲ್ಲ! ಆದರೂ ಮನೆಯ ಗೇಟಿನವರೆಗೆ ಮಾತ್ರ ನಡಿಗೆ. ರಸ್ತೆಗೆ ಇಳಿಯುವುದಿಲ್ಲ. ನಿನ್ನೆ ರೇಗಿದೆ: "ನಾನಿಲ್ದೆ ಒಂದು ಹೆಜ್ಜೆ ಇಡಲ್ವಾ?" ಹಾಗನ್ನಬಾರದಿತ್ತು. ಬೆಳಗ್ಗೆ ನಾನಿಟ್ಟ ಕಾಫಿ ಮುಟ್ಟಲಿಲ್ಲ.

ಈಗಷ್ಟೇ ಫೋನು. ಟಿಕೆಟ್ ಕೌಂಟರಿನವಳು.

"ಅಕ್ಕಾ, ಭಾವ ಬಂದಿದ್ದಾರೆ."

"ಯಾರ ಜೊತೆ?"

"ಒಬ್ರೇ. ನಿಮಗೆ ಹೇಳಬೇಡಿ ಅಂದ್ರು. ಕೈ ಹಿಡಿಯೋಕೆ ಹೋದ್ರೆ ಬಿಡಿಸ್ಕೊಂಡ್ರು. ಮೆಟ್ಟಿಲು ಹತ್ತುತ್ತಿದ್ದಾರೆ."

ಒಬ್ಬರೇ! ಬಸ್ಸು ಹತ್ತಿ, ಇಳಿದು, ಆ ದೊಡ್ಡ ರಸ್ತೆ ದಾಟಿ! ಪೆನ್ನು ಕೆಳಗಿಡುತ್ತಿಲ್ಲ, ಇಟ್ಟರೆ ಓಡಿಹೋಗಿ ತೋಳು ಹಿಡಿದುಬಿಡುತ್ತೇನೆ. ಹಿಡಿಯಬಾರದು. ಮೆಟ್ಟಿಲಲ್ಲಿ ಕೆಮ್ಮು, ಇವರದೇ. ನಿಂತರು. ಯಾಕೆ ನಿಂತರು? ಮತ್ತೆ ಹೆಜ್ಜೆ... ಮತ್ತೊಂದು... ಕೂತಿರು ಮಹರಾಯಿತಿ, ಕೂತಿರು, ಬರೀತಾ ಇರು —