ಬಂದರಿಗೆ ಬಂದ ಮಿತ್ರರು

ಮಾರ್ಚ್ 3, ಬೆಳಿಗ್ಗೆ 9
ಹೆಡ್‌ಫೋನ್ ಹಾಕ್ಕೊಂಡು ಕೂತೆ. ಆಚೆ ದೇಶದ ರೇಡಿಯೋ ಕೇಳಿ ನಮ್ಮ ವಿದೇಶಾಂಗ ಇಲಾಖೆಗೆ ಅನುವಾದ — ಹತ್ತೊಂಬತ್ತು ವರ್ಷದಿಂದ ಇದೇ. ದಿನಾ ನಮಗೆ ಬೈಗುಳದ ಸುರಿಮಳೆ. ಇವತ್ತು "ನೆರೆಯ ಮಿತ್ರರು" ಅಂದರು. ತಪ್ಪಾಗಿ ಕೇಳಿಸ್ತೇನೋ ಅಂತ ಮೂರು ಸಲ ರಿವೈಂಡ್ ಮಾಡಿದೆ. ಮಿತ್ರರೇ!

ಮಾರ್ಚ್ 5
ಗುಟ್ಟು ರಟ್ಟಾಯ್ತು. ಅವರ ಗೋಧಿ ಹೋಗ್ತಿದ್ದ ಉತ್ತರದ ದಾರಿ ಮುಚ್ಚಿದೆ. ಈಗ ನಮ್ಮ ಬಂದರು ಬೇಕು. ಮನೆಯವರಿಗೆ ಹೇಳಿದೆ. ಗಡಿಯಲ್ಲಿ ಆರು ವರ್ಷ ಕಾವಲಿದ್ದವರು.
"ನಮ್ಮ ಮೇಲೆ ಪ್ರೀತಿ ಉಕ್ಕಿಲ್ಲ ಕಣೇ. ಗೋಧಿ ಕೊಳೀತಿದೆ."
"ಕೊಳೀಲಿ ಅಂತೀರಾ?"
"ಛೆ! ಗುಂಡು ಬರೋದಕ್ಕಿಂತ ಗೋಧಿ ಬರೋದು ವಾಸಿ."

ಮಾರ್ಚ್ 21
ಮಾತುಕತೆ. ನಾನೇ ದುಭಾಷಿ. ಒಪ್ಪಂದದ ಕರಡು ಎರಡೂ ಭಾಷೆಯಲ್ಲಿ. ಬಂದರು ಬಳಸೋಕೆ ನಮ್ಮದರಲ್ಲಿ "ಅನುಮತಿ", ಅವರದರಲ್ಲಿ "ಹಕ್ಕು". ನಾಳೆ ಅವರ ಮನಸ್ಸು ಮತ್ತೆ ಬದಲಾದರೆ? ಅನುಮತಿ ವಾಪಸ್ ತಗೋಬಹುದು. ಹಕ್ಕನ್ನ?
ನಮ್ಮ ಇಲಾಖೆಯ ನಿರ್ದೇಶಕರಿಗೆ ತೋರಿಸಿದೆ. "ಒಂದು ಪದಕ್ಕೆ ಕ್ಯಾತೆ ತೆಗೀಬೇಡಿ ಮೇಡಂ. ನಾಳೆ ಸಹಿ."

ಮಾರ್ಚ್ 22
ಸಹಿಗೆ ಮುಂಚೆ ಓದಿ ಹೇಳೋ ಸರದಿ ನಂದು. ಅವರ ಪ್ರತಿಯನ್ನ ಇದ್ದದ್ದು ಇದ್ದ ಹಾಗೆ ನಮ್ಮ ಭಾಷೆಗೆ ತಂದು ಹೇಳಿದೆ — "ಹಕ್ಕು" ಅಂತಲೇ. ನಮ್ಮ ಮಂತ್ರಿಗಳ ಪೆನ್ನು ನಿಂತಿತು. ನಿರ್ದೇಶಕರ ಮುಖ ಸುಣ್ಣ. ಆ ಕಡೆ ಅರ್ಧ ಗಂಟೆ ಗುಸುಗುಸು. ಅವರಿಗೆ ತುರ್ತು ಇತ್ತು... ಕೊನೆಗೆ ಅವರ ಪ್ರತಿಯಲ್ಲೂ "ಅನುಮತಿ", ಹತ್ತು ವರ್ಷಕ್ಕೆ.
ಕಾಫಿ ಹೊತ್ತಿಗೆ ಅವರ ದುಭಾಷಿ, ನರೆತ ತಲೆಯವರು, ಹತ್ತಿರ ಬಂದರು. ನಮ್ಮ ಭಾಷೆಯಲ್ಲೇ — "ಇಪ್ಪತ್ತು ವರ್ಷ ನಿಮ್ಮ ರೇಡಿಯೋ ಕೇಳಿದೀನಿ ತಾಯಿ. ನೀವೂ ಏನ್ ಕಮ್ಮಿ ಬೈದಿಲ್ಲ." ಬಿದ್ದು ಬಿದ್ದು ನಕ್ಕೆವು.
ನಿರ್ದೇಶಕರು ಹೊರಡ್ತಾ "ಒಳ್ಳೆ ಕೆಲಸ" ಅಂದರು. ನೆಲ ನೋಡ್ಕೊಂಡು.

ಜೂನ್ 9, ಸಂಜೆ 5
ವಾರಕ್ಕೆ ಎರಡು ಹಡಗು ಹೋಗ್ತಿವೆ. ಆ ದುಭಾಷಿಗೆ ಇಲ್ಲಿನ ಅವರ ಹೊಸ ಕಚೇರಿಗೆ ವರ್ಗ. ಇವತ್ತು ಹೆಂಡತಿ ಜೊತೆ ನಮ್ಮನೆಗೆ. ಉತ್ತರದ ದಾರಿ ತೆರೆದರೆ ಮತ್ತೆ ಬೈಗುಳ ಶುರುವಾದೀತು, ಗೊತ್ತು. ಇರಲಿ, ಆವಾಗಿನ ಮಾತು ಆವಾಗ.
ನಮ್ಮನೆಯವರು ಕನ್ನಡಿ ಮುಂದೆ ಅವರ ಭಾಷೆಲಿ "ಬನ್ನಿ, ಕೂತ್ಕೊಳ್ಳಿ" ಬಾಯಿಪಾಠ ಮಾಡ್ತಿದಾರೆ. ಗಡಿಯಲ್ಲಿ ಕಲಿಸಿದ್ದು "ನಿಲ್ಲು, ಕೈ ಮೇಲೆತ್ತು" ಮಾತ್ರವಂತೆ.
ಬೆಲ್ ಆಯ್ತು. ಇವರೇ ಓಡಿದರು. ಅಯ್ಯೋ ದೇವರೇ, ಗಾಬರೀಲಿ "ನಿಲ್ಲು" ಅಂದೇ ಬಿಟ್ರು! ಹೊರಗೆ ಜೋರು ನಗು... "ಕೈ ಮೇಲೆತ್ತು" ಕೂಡ ಬಾಯಿಂದ ಬರೋದ್ರೊಳಗೆ ನಾನು ಓಡಬೇಕು!