ಹಳ್ಳದ ದಂಡೆಗೆ ಒಂದು ಸೈರನ್ ಬೇಕಿತ್ತು

ಮಾನ್ಯ ಪ್ರವಾಸೋದ್ಯಮ ಅಧಿಕಾರಿಗಳೇ,

ಮುಂದಿನ ವಾರ ಕಲಬುರಗಿಯಲ್ಲಿ ತಾವು ‘ವಿಪತ್ತು ಎದುರಿಸುವ ಸುಸ್ಥಿರ ಪ್ರವಾಸೋದ್ಯಮ’ ಎಂಬ ಕಾರ್ಯಾಗಾರ ನಡೆಸುತ್ತಿದ್ದೀರಿ. ನನಗೂ ಕರೆ ಬಂದಿದೆ, ಇನ್ನೂರು ಜನರಿಗೆ ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿ ತರಲು. ವಿಪತ್ತಿನಲ್ಲಿ ಎದೆಮಟ್ಟ ಇಳಿದ ನನ್ನ ಗಂಡ ಪೀರಪ್ಪನವರಿಗೆ ಕರೆಯಿಲ್ಲ. ಅವರಿಗೆ ಬಂದಿರುವುದು ‘ಅನಧಿಕೃತ ಮಾರ್ಗದರ್ಶಿ’ ಎಂಬ ನೋಟಿಸು. ಹನ್ನೊಂದು ವರ್ಷ ಕಚೇರಿಯ ಅತಿಥಿಗಳು ಬಂದಾಗಲೆಲ್ಲ ಇವರಿಗೇ ಫೋನು ಬರುತ್ತಿತ್ತಲ್ಲ, ಆಗ ಇವರು ಯಾರಾಗಿದ್ದರು?

ಐನಾಪುರದ ಆಚೆ, ಕಾಡಿನ ಅಂಚಿನಲ್ಲಿ ನಮ್ಮೂರು. ಜಲಪಾತ ನೋಡಲು ಬಂದವರಿಗೆ ಅವರು ದಾರಿ ತೋರಿಸುತ್ತಿದ್ದರು, ನಾನು ಮನೆಯಲ್ಲಿ ಊಟ ಹಾಕುತ್ತಿದ್ದೆ. ಮೇಲಿನ ಗುಡ್ಡದಲ್ಲಿ ಮಳೆ ಬಿದ್ದರೆ ನಮ್ಮಲ್ಲಿ ಬಿಸಿಲಿರುವಾಗಲೇ ಹಳ್ಳ ಏರುತ್ತದೆ. ಅದಕ್ಕೇ ಮೇಲಿನ ತಾಂಡಾದಲ್ಲಿ ಫೋನು ಮಾಡಿ ತಿಳಿಸಲು ಒಬ್ಬರು, ದಂಡೆಯಲ್ಲಿ ಒಂದು ಸೈರನ್ ಬೇಕೆಂದು ಅವರು ಮೂರು ಸಲ ಅರ್ಜಿ ಕೊಟ್ಟರು. ತಾವು ಹಳ್ಳದ ನಟ್ಟನಡುವಿನ ಬಂಡೆಯ ಮೇಲೆ ಸೆಲ್ಫಿ ತೆಗೆದುಕೊಳ್ಳಲು ಬಣ್ಣದ ಕಟ್ಟೆ ಕಟ್ಟಿಸಿದಿರಿ.

ಕಳೆದ ಶ್ರಾವಣದ ಒಂದು ಭಾನುವಾರ ಶಹಾಬಾದದಿಂದ ಏಳು ಜನ ನರ್ಸಿಂಗ್ ಹುಡುಗಿಯರು ಬಂದರು. ಮಧ್ಯಾಹ್ನದ ಊಟಕ್ಕೆ ಶೇಂಗಾ ಹಿಂಡಿಯಲ್ಲಿ ಖಾರ ಕಡಿಮೆ ಇರಲೆಂದು ನನಗೆ ಹೇಳಿ ಹೋದರು. ತಾವು ಕಟ್ಟಿಸಿದ ಕಟ್ಟೆಯ ಮೇಲೆ ಅವರು ನಿಂತಿದ್ದಾಗ ನೀರು ಕೆಂಪಾಯಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಸೊಂಟದ ತನಕ ಬಂತು. ಪೀರಪ್ಪ ಇಳಿದು ಆರು ಜನರನ್ನು ಒಬ್ಬೊಬ್ಬರಾಗಿ ದಂಡೆಗೆ ಎಳೆದರು. ಏಳನೆಯವಳು ಲುಂಬಿನಿ. ಅವಳ ಕೈ ಸಿಕ್ಕಿತ್ತು. ಅವಳು ಸಿಕ್ಕಿದ್ದು ಮರುದಿನ, ಎರಡು ಮೈಲಿ ಕೆಳಗೆ.

ತಿಂಗಳ ನಂತರ ಅವಳ ತಾಯಿ ಸಂಘಮಿತ್ರಾ ನಮ್ಮ ಮನೆಗೆ ಬಂದರು. ಬೈಯುತ್ತಾರೆಂದು ನಾವಿಬ್ಬರೂ ತಲೆ ತಗ್ಗಿಸಿ ಕುಳಿತೆವು. ಅವರು ಕೇಳಿದ್ದು ಒಂದೇ ಮಾತು.

“ಅಣ್ಣಾ, ಆಕಿ ನಿಮ್ಮ ಕೈ ಹಿಡಿದಿದ್ಳೇನ್ರಿ?”

“ಹಿಡಿದಿದ್ಳವ್ವಾ. ನಾನೇ ಬಿಟ್ಟೀನಿ,” ಎಂದರು ನಮ್ಮವರು.

ಸಂಘಮಿತ್ರಾ ಇವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, “ಹಂಗಾದ್ರ ನನ್ ಮಗಳು ಒಬ್ಬಾಕೀನೇ ಇರ್ಲಿಲ್ರಿ,” ಎಂದರು.

ಮಗಳನ್ನು ಕಳೆದುಕೊಂಡ ತಾಯಿ ಬಸ್ಸು ಬದಲಿಸಿ ಬದಲಿಸಿ ಅಷ್ಟು ದೂರದಿಂದ ಬಂದರು. ತಮ್ಮ ಜೀಪು ಬಂದದ್ದು ಜಲಪಾತದ ದಾರಿಯ ಗೇಟಿಗೆ ಬೀಗ ಹಾಕಲು. ವರದಿಯಲ್ಲಿ ‘ಪ್ರವಾಸಿಗರ ನಿರ್ಲಕ್ಷ್ಯ’ ಎಂದು ಬರೆದಿರಿ. ಮೂರು ಅರ್ಜಿಗಳ ಮಾತೇ ಇಲ್ಲ. ಸೈರನ್ ಬೇಕೆಂದು ಕೇಳಿದವರದು ನಿರ್ಲಕ್ಷ್ಯವೋ, ಕೇಳಿಸಿಕೊಳ್ಳದವರದೋ? ಬೀಗ ಹಾಕಿದರೆ ಹಳ್ಳ ಏರುವುದು ನಿಲ್ಲುತ್ತದೆಯೇ?

ಈಗ ಮೋಡ ಕಂಡ ದಿನ ನಮ್ಮವರು ಉಣ್ಣುತ್ತಿದ್ದರೂ ಎದ್ದು ದಂಡೆಗೆ ಹೋಗುತ್ತಾರೆ. ಯಾರೂ ಇರದ ಹಳ್ಳಕ್ಕೆ “ಮ್ಯಾಲ ಬರ್ರಿ, ಮ್ಯಾಲ ಬರ್ರಿ” ಎಂದು ಸಂಜೆಯ ತನಕ ಕೂಗುತ್ತಾರೆ. ನಾನು ಹೋಗಿ ಕೈ ಹಿಡಿದು ಕರೆತರುತ್ತೇನೆ. ಅಷ್ಟರಲ್ಲಿ ಅವರ ಗಂಟಲು ಬಿದ್ದುಹೋಗಿರುತ್ತದೆ.

ನೋಟಿಸು ಹಿಂತೆಗೆದುಕೊಳ್ಳಿ. ಆ ಮೂರು ಅರ್ಜಿಗಳನ್ನು ವರದಿಗೆ ಸೇರಿಸಿ. ಮುಂಗಾರಿಗೆ ಮೊದಲು ಸೈರನ್ ಹಾಕಿಸಿ. ಅದು ಕೂಗಿದರೆ ಈ ಮನುಷ್ಯ ಸುಮ್ಮನಾಗಬಹುದು.

ಇಂತಿ,
ಮಳೆಗಾಗಿ ಬೇಡುವ ಸೀಮೆಯಲ್ಲಿ ಮಳೆಗೆ ಅಂಜುವ ಹೆಂಗಸು,
ಜಯಮಾಲಾ
ಚಿಂಚೋಳಿ ತಾಲ್ಲೂಕು